ನಾಳೆಯ ತಾರೀಖು

ಬ್ಲ್ಯಾಕ್ ಫೋರ್ಕ್
ಮೇ 14, 1922

ಪ್ರೀತಿಯ ಅತ್ತಿಗೆಗೆ,

ಇಲ್ಲಿ ನಾನು ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ. ಎಡಗಣ್ಣು ಊದಿ ಮುಚ್ಚಿಕೊಂಡಿದೆ, ಕೆಳಗಿನ ಎರಡು ಹಲ್ಲು ಹೋಗಿವೆ, ಪಕ್ಕೆಗೆ ಡಾಕ್ಟರು ಬಟ್ಟೆ ಬಿಗಿದಿದ್ದಾರೆ. ಕೆಮ್ಮು ಬಂದರೆ ದೇವರೇ ಗತಿ. ಆದರೂ ಖುಷಿಯಾಗಿದ್ದೇನೆ.

ನಾನು ಚುನಾವಣೆಗೆ ನಿಂತಿದ್ದೇನೆ ಅತ್ತಿಗೆ. ರಾಜ್ಯದ ಗಣಿ ಇನ್ಸ್‌ಪೆಕ್ಟರ್ ಹುದ್ದೆಗೆ! ನವೆಂಬರಿನಲ್ಲಿ ಇಡೀ ರಾಜ್ಯ ಓಟು ಹಾಕುತ್ತದೆ, ಕಲ್ಲಿದ್ದಲಿನ ಮುಖ ಒಲೆಯಲ್ಲಿ ಬಿಟ್ಟು ಬೇರೆಲ್ಲೂ ನೋಡದ ಗೋಧಿ ರೈತರೂ ಸೇರಿ. ಎದುರಿಗೆ ನಿಂತಿರುವವನು ಹಾರ್ಲನ್ ಸ್ಟ್ರೌಡ್. ನಮ್ಮ ನಾಲ್ಕನೇ ನಂಬರ್ ಗಣಿಯ ಮ್ಯಾನೇಜರ್ ಆಗಿದ್ದನಲ್ಲ, ಅವನೇ. ಕಂಪನಿ ಅವನ ಬೆನ್ನಿಗಿದೆ. ನನ್ನ ಬೆನ್ನಿಗೆ ಗಣಿಯವರು ಇದ್ದಾರೆ, ಅವರಲ್ಲಿ ಅರ್ಧ ಜನ ಮುಷ್ಕರದಲ್ಲಿ ಹೊಟ್ಟೆಗಿಲ್ಲದೆ ಕೂತಿದ್ದಾರೆ.

ಹೋದ ವಾರ ಗೋಧಿ ಸೀಮೆಯಲ್ಲಿ ಭಾಷಣ ಮಾಡಿದೆ. ಹದಿನೈದು ವರ್ಷ ಬೆಂಕಿ ಮೇಸ್ತ್ರಿಯಾಗಿದ್ದೆ ಅಂದೆ. ಮುಂದೆ ಕೂತಿದ್ದ ಮುದುಕ ಒಬ್ಬ ಎದ್ದ.

“ಏನಯ್ಯಾ ಹಂಗಂದ್ರೆ? ಬೆಂಕಿ ಹಚ್ಚೋನಾ?”

ಎಲ್ಲರೂ ಹೋ ಅಂತ ನಕ್ಕರು. ನಾನೂ ನಕ್ಕು, ಬಿಡಿಸಿ ಹೇಳಿದೆ. ಬೆಳಗಿನ ಪಾಳಿ ಇಳಿಯುವ ಮೊದಲು ಬೆಂಕಿ ಮೇಸ್ತ್ರಿ ಒಬ್ಬನೇ ಕೆಳಗೆ ಹೋಗಬೇಕು. ಕಲ್ಲಿದ್ದಲು ಕಡಿಯುವ ಒಂದೊಂದು ಕೋಣೆಗೂ ನುಗ್ಗಿ, ಗ್ಯಾಸಿಗೆ ಕಿಡಿ ತಾಗದ ತಂತಿ ಜಾಳಿಗೆಯ ದೀಪವನ್ನು ಚಾವಣಿಯವರೆಗೆ ಎತ್ತಬೇಕು. ಜ್ವಾಲೆಯ ತಲೆ ನೀಲಿಯಾದರೆ ಗ್ಯಾಸು ಇದೆ. ಆಗದಿದ್ದರೆ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ತನ್ನ ಹೆಸರಿನ ಮೊದಲಕ್ಷರ, ಆ ದಿನದ ತಾರೀಖು ಬರೆಯಬೇಕು. ಅದನ್ನು ನೋಡಿಕೊಂಡೇ ಉಳಿದವರು ಟೋಪಿಯ ಮೇಲೆ ಉರಿಯುವ ದೀಪ ಇಟ್ಟುಕೊಂಡು ಒಳಗೆ ಕಾಲಿಡುವುದು.

“ಅಂದ್ರೆ ಸೀಮೆಸುಣ್ಣ ನಂಬ್ಕೊಂಡು ಸಾಯಕ್ ಹೋಗ್ತೀರಾ?” ಅಂದ ಮುದುಕ.

“ಬದುಕಕ್ಕೆ ಹೋಗ್ತೀವಿ ಯಜಮಾನ್ರೇ,” ಅಂದೆ. ಚಪ್ಪಾಳೆ ಬಿತ್ತು. ಈಗ ಆ ಕಡೆಯವರೂ ನನ್ನನ್ನು ನಮ್ಮವರ ಹಾಗೆಯೇ ಸೀಮೆಸುಣ್ಣದ ಇಡ್ವಾಲ್ ಅನ್ನುತ್ತಾರೆ.

ಹಲ್ಲು ಹೋದದ್ದು ಇಲ್ಲೇ, ನಮ್ಮೂರಲ್ಲಿ. ಗಾಡಿಯ ಮೇಲೆ ನಿಂತು ಮಾತಾಡುತ್ತಿದ್ದೆ. ಕಂಪನಿಯ ಕಾವಲಿನವರು ಹನ್ನೆರಡು ಜನ ಗುದ್ದಲಿ ಕಾವು ಹಿಡಿದು ಬಂದರು. ನನ್ನ ಕಾಲು ಹಿಡಿದು ಎಳೆದು ಕೆಡವಿದರು. ಒಬ್ಬ ಬೂಟುಗಾಲಲ್ಲಿ, ನಾಲ್ಕು ವರ್ಷದ ಹಿಂದಿನ ಗಣಿ ಸ್ಫೋಟದಲ್ಲಿ ಸುಟ್ಟ ನನ್ನ ಕೈಯ ಮೇಲೇ ನಿಂತುಕೊಂಡ, ಇನ್ನೊಬ್ಬ ಪಕ್ಕೆ ನೋಡಿ ನೋಡಿ ಒದ್ದ. ರೈಲು ಟ್ಯೂಡರ್ ಗೊತ್ತಲ್ಲ, ಎಂಜಿನ್ ಓಡಿಸುವವನು, ನನ್ನ ಪ್ರಚಾರವೆಲ್ಲ ಈಗ ಅವನದೇ. ಅವನು ಒಬ್ಬನ ಕಿವಿ ಕಚ್ಚಿ ತುಂಡನ್ನು ಉಗಿದ. “ಉಪ್ಪು ಕಮ್ಮಿ” ಅಂದನಂತೆ.

ಇದರ ಜೊತೆ ಪ್ರಚಾರದ ನೋಟೀಸು ಇಟ್ಟಿದ್ದೇನೆ, ಓದಿ. ನನ್ನ ಏಳು ಗುರಿಗಳು ಅದರಲ್ಲಿವೆ. ಪ್ರತಿ ಗಣಿಗೂ ಎರಡು ಬಾಗಿಲು. ಕಲ್ಲಿದ್ದಲ ಧೂಳಿಗೆ ಬೆಂಕಿ ಹತ್ತದಂತೆ ಮೇಲೆ ಸುಣ್ಣಕಲ್ಲಿನ ಪುಡಿ. ಹೇಳದೆ ಕೇಳದೆ ಹೋಗಿ ತಪಾಸಣೆ. ನಾಲ್ಕನೆಯದೇ ಮುಖ್ಯ: ಬೆಂಕಿ ಮೇಸ್ತ್ರಿಗೆ ಸಂಬಳ ಕಂಪನಿ ಕೊಡಕೂಡದು, ಸರ್ಕಾರ ಕೊಡಬೇಕು.

ಒಂದು ಕೇಳಿಕೆ ಇದೆ. ಈಗ ಹೆಂಗಸರಿಗೂ ಓಟು ಬಂದಿದೆ. ನವೆಂಬರ್ ನಾಲ್ಕಕ್ಕೆ ಇಲ್ಲಿ ಕೊನೆಯ ಸಭೆ. ಸ್ಫೋಟದಲ್ಲಿ ಗಂಡಂದಿರನ್ನು ಕಳೆದುಕೊಂಡವರೆಲ್ಲ ಕಟ್ಟೆಯ ಮೇಲೆ ನನ್ನ ಹಿಂದೆ ಕೂರುತ್ತಾರೆ. ನೀವೂ ಬಂದು ಕೂರಬೇಕು. ಅಮ್ಮ ತೀರಿಕೊಂಡ ಮೇಲೆ ನಿಮ್ಮಿಂದ ಒಂದು ಕಾಗದವೂ ಇಲ್ಲ.

ನಿಮ್ಮ ಮೈದುನ,
ಇಡ್ವಾಲ್ ಪ್ರಾಸರ್

*

ಮರ್ಸರ್ ಜಂಕ್ಷನ್
ಮೇ 29, 1922

ಇಡ್ವಾಲ್,

ಕಾಗದ ಬಂತು. ರೈಲಿನವರ ಹೊಲಸು ಬಟ್ಟೆ ಕುದಿಯುವ ಹಂಡೆಯ ಪಕ್ಕ ನಿಂತು ಓದಿದೆ. ನಿನ್ನ ಹಲ್ಲಿಗೆ ಬೇಜಾರಾಯಿತು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸು.

ನಾನು ಬ್ಲ್ಯಾಕ್ ಫೋರ್ಕಿಗೆ ಬಂದು ಆ ಹೆಂಗಸರ ಸಾಲಿನಲ್ಲಿ ಕೂರಬೇಕೇ? ನಿನಗೆ ಮರೆವೋ, ಇಲ್ಲ ತಮಾಷೆಯೋ? ಮರೆತಿದ್ದರೆ ನೆನಪಿಸುತ್ತೇನೆ.

ಮೂವತ್ತೊಂದು ಹೆಣ ಮೇಲೆ ಬಂದು ಹತ್ತು ದಿನಕ್ಕೆ ವಿಚಾರಣೆ ನಡೆಯಿತು. ಬೆಂಕಿ ಮುಟ್ಟದ ಹನ್ನೊಂದನೇ ಕೋಣೆಯ ಗೋಡೆಯಲ್ಲಿ ನಿನ್ನ ಅಕ್ಷರ ಇತ್ತು: ಐ.ಪಿ., ಮಾರ್ಚ್ 2, 1918. ಆದ್ದರಿಂದ ಬೆಂಕಿ ಮೇಸ್ತ್ರಿ ಆ ಬೆಳಿಗ್ಗೆ ಎಲ್ಲ ನೋಡಿದ್ದಾನೆ, ಕೋಣೆಗಳಲ್ಲಿ ಗ್ಯಾಸು ಇರಲಿಲ್ಲ ಅಂದರು ಪಂಚರು. ಹಾಗಾದರೆ ಗ್ಯಾಸು ಎಲ್ಲಿಂದ ಬಂತು? ಹದಿನಾಲ್ಕನೇ ಕೋಣೆಯ ಗೋಮರ್ ಪ್ರಾಸರ್ ಗ್ಯಾಸು ತುಂಬಿದೆಯೆಂದು ಮುಚ್ಚಿದ್ದ ಪಾಳು ಕೋಣೆಯ ಹಲಗೆ ಕಿತ್ತು, ಉರಿಯುವ ದೀಪ ಹಿಡಿದು ಒಳಗೆ ಹೋಗಿರಬೇಕು ಅಂದರು. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ?

ಮಾರನೆಯ ದಿನ ಅಂಗಡಿಯ ಮುಂದೆ ಹನ್ನಾ ಬೆವನ್ ನನ್ನನ್ನು ತಡೆದಳು. ಗಂಡನೂ ಇಬ್ಬರು ಮಕ್ಕಳೂ ಹೋಗಿದ್ದರು ಅವಳಿಗೆ. ಕೈಯಲ್ಲಿ ಒಲೆ ಕೆದಕುವ ಕಬ್ಬಿಣದ ಸಲಾಕೆ.

“ನಿನ್ ಗಂಡ ನನ್ ಮನೇನ ಸುಟ್ಟ ಕಣೇ,” ಅಂದಳು, ಬೀಸಿದಳು. ಭುಜದ ಮೂಳೆ ಮುರಿದದ್ದು ನನಗೇ ಕೇಳಿಸಿತು. ಬಿದ್ದ ಮೇಲೆ ಇನ್ನು ನಾಲ್ಕು ಜನ ಸೇರಿಕೊಂಡರು. ನನ್ನ ಕೂದಲು ಹಿಡಿದು ಕೆಸರಲ್ಲಿ ಎಳೆದರು, ಬಾಯಿಗೆ ಕಲ್ಲಿದ್ದಲ ಪುಡಿ ತುರುಕಿದರು. ಅವರೆಲ್ಲ ನಾನು ಕಾಯಿಲೆ ಬಿದ್ದಾಗ ಆರೈಕೆ ಮಾಡಿದವರು. ನಾನು ಅವರ ಮಕ್ಕಳಿಗೆ ಹಾಡು ಕಲಿಸಿದವಳು.

ಆಮೇಲೆ ಸ್ಮಾರಕದ ಕಲ್ಲು ನಿಲ್ಲಿಸಿದರು. ಮೂವತ್ತು ಹೆಸರು ಕೆತ್ತಿದರು, ಮೂವತ್ತೊಂದಲ್ಲ.

ನಿನ್ನ ನೋಟೀಸು ಎರಡು ಸಲ ಓದಿದೆ. ಗುರಿಗಳೆಲ್ಲ ಚೆನ್ನಾಗಿವೆ, ಸುಳ್ಳು ಹೇಳುವುದಿಲ್ಲ. ಒಂದೇ ಪ್ರಶ್ನೆ. ಈ ಏಳರಲ್ಲಿ ಯಾವುದು ಇದ್ದಿದ್ದರೆ ಗೋಮರ್ ಅವತ್ತು ಮನೆಗೆ ಬರುತ್ತಿದ್ದ? ಯೋಚನೆ ಮಾಡಿ ಬರಿ.

ಗೋಮರನ ಹೆಂಡತಿ,
ನೆಸ್ಟಾ

*

ಬ್ಲ್ಯಾಕ್ ಫೋರ್ಕ್
ಜೂನ್ 18, 1922

ಅತ್ತಿಗೆ,

ಮೊನ್ನೆ ಮಧ್ಯಾಹ್ನ ಮುಷ್ಕರದವರ ಡೇರೆಗಳ ಮೇಲೆ ಕಂಪನಿಯವರು ಗುಂಡು ಹಾರಿಸಿದರು. ಲಾರಿಯ ಹಿಂದೆ ಮರಳು ಚೀಲ ಪೇರಿಸಿ, ಮಷಿನ್ ಗನ್ ಇಟ್ಟುಕೊಂಡು, ರಸ್ತೆಯುದ್ದಕ್ಕೂ ನಿಧಾನವಾಗಿ ಬಂದರು. ಡೇರೆ ಬಟ್ಟೆ ಚಿಂದಿಯಾಗಿ ಹಾರುತ್ತಿತ್ತು. ಇಟಲಿಯವನು ಡೊನಾಟೋ, ಬಕೆಟ್ ಹಿಡಿದು ನೀರಿಗೆ ಹೊರಟಿದ್ದ, ಹೊಟ್ಟೆಗೆ ಮೂರು ಗುಂಡು ಬಿತ್ತು. ಬಕೆಟ್ ಮಾತ್ರ ಕೆಳಗಿಡಲಿಲ್ಲ. ನನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ನಮ್ಮವರು ಸುಮ್ಮನಿರುತ್ತಾರೆಯೇ? ಸಂಜೆ ಹೊತ್ತಿಗೆ ಕಾವಲಿನವರ ಮನೆಗೆ ಡೈನಮೈಟ್ ಇಟ್ಟರು. ಅಲ್ಲಿ ಇಬ್ಬರು ಸತ್ತರು. ಒಬ್ಬನ ಬೂಟು ಮರದ ಮೇಲೆ ಸಿಕ್ಕಿತು, ಒಳಗೆ ಕಾಲು ಇತ್ತು.

ಇದನ್ನೆಲ್ಲ ನಿಲ್ಲಿಸಬೇಕಾದರೆ ಆ ಕುರ್ಚಿಯಲ್ಲಿ ನಮ್ಮವನೊಬ್ಬ ಕೂರಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ನಾಲ್ಕನೆಯದು. ಕಂಪನಿ ಬೆಂಕಿ ಮೇಸ್ತ್ರಿಯನ್ನು ಅವಸರ ಮಾಡದಿದ್ದರೆ ಎಲ್ಲರೂ ಸುರಕ್ಷಿತ. ಆ ದಿನ ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದೆ, ನಿಮಗೇ ಗೊತ್ತು. ಗಣಿಗೆ ಇಳಿಯುವ ಬಾವಿ ಇನ್ನೂ ಹೊಗೆ ಉಗುಳುತ್ತಿದ್ದಾಗ ಮೊದಲು ಇಳಿದವನು ನಾನು. ಒಂಬತ್ತು ಜನರನ್ನು ಬೆನ್ನ ಮೇಲೆ ಹೊತ್ತು ತಂದೆ. ಒಬ್ಬನನ್ನು ಎತ್ತಲು ಹೋದರೆ ಚರ್ಮ ಕೈಗೇ ಬಂತು, ಕೈಗವಸು ಕಳಚಿದ ಹಾಗೆ. ಮೂರನೇ ದಿನ ಗೋಮರ್ ಸಿಕ್ಕಿದ. ಮುಖ ಇರಲಿಲ್ಲ. ನೀವು ಅಟ್ಟೆ ಹೊಲಿದ ಬೂಟಿನಿಂದ ಗುರುತು ಹಿಡಿದೆ.

ಗೋಮರನ ತಪ್ಪನ್ನು ಈಗ ಯಾರೂ ಎತ್ತಿ ಆಡುವುದಿಲ್ಲ ಅತ್ತಿಗೆ. ಹನ್ನಕ್ಕನ ಹತ್ತಿರ ನಾನೇ ಮಾತಾಡಿದ್ದೇನೆ. “ಸತ್ತೋರನ್ನ ಕ್ಷಮಿಸಿದೀನಿ, ಬರ್ಲಿ ಬಿಡು” ಅಂದಳು. ನೀವು ಬನ್ನಿ.

ನಿಮ್ಮ ಮೈದುನ,
ಇಡ್ವಾಲ್

*

ಮರ್ಸರ್ ಜಂಕ್ಷನ್
ಜುಲೈ 2, 1922

ಇಡ್ವಾಲ್,

ಗೋಮರನ ತಪ್ಪು ಅಂದೆಯಾ? ನಿನ್ನ ಬಾಯಿಗೆ ಹುಳ ಬೀಳ! ಕ್ಷಮಿಸಿದ್ದಾಳಂತೆ, ಕ್ಷಮಿಸಿದ್ದಾಳೆ! ನಾಲ್ಕು ವರ್ಷ ಬಾಯಿ ಹೊಲಿದುಕೊಂಡಿದ್ದೆ. ಇವತ್ತು ಬಿಚ್ಚುತ್ತೇನೆ. ಕೂತುಕೊಂಡು ಓದು.

ಮಾರ್ಚ್ ಒಂದು, ನಮ್ಮ ಸಂತ ಡೇವಿಡನ ಹಬ್ಬ. ಹಬ್ಬವಾದರೂ ಯುದ್ಧದ ಕಾಲ ಅಂತ ಗಣಿಗೆ ರಜೆ ಇರಲಿಲ್ಲ. ಸಂಜೆ ಚರ್ಚಿನಲ್ಲಿ ಹಾಡಿನ ಸ್ಪರ್ಧೆ. ನೀನು ನಮ್ಮ ಊರಿನ ಮುಖ್ಯ ಗಾಯಕ. ಗೋಮರ್ ಪಾಳಿ ಮುಗಿಸಿ ಬಂದ. ಒಲೆಯ ಮುಂದೆ ತೊಟ್ಟಿಯಲ್ಲಿ ಕೂತ. ನಾನು ಬೆನ್ನು ಉಜ್ಜುತ್ತಿದ್ದೆ. ಅವನು ನಗಲು ಶುರುಮಾಡಿದ.

“ಲೇ ನೆಸ್ಟಾ, ಇವತ್ತು ನನ್ ಕೋಣೆ ಗೋಡೆ ಮೇಲೆ ಏನಿತ್ತು ಗೊತ್ತೇನೇ? ಐ.ಪಿ., ಮಾರ್ಚ್ ಒಂದು. ಅದರ ಪಕ್ಕದಲ್ಲೇ ಐ.ಪಿ., ಮಾರ್ಚ್ ಎರಡು! ನಾಳೇದನ್ನೂ ಇವತ್ತೇ ಬರೆದು ಮಡಗಿದಾನೆ ನಮ್ಮ ಇಡ್ವಾಲ. ರಾತ್ರಿ ಹಾಡೋದು, ಬೆಳಿಗ್ಗೆ ಗೊರಕೆ ಹೊಡೆಯೋದು!”

“ಅಯ್ಯೋ, ಹೋಗಿ ಬೈಬಾರದೇನ್ರೀ?” ಅಂದೆ.

“ಬಿಡೇ, ವರ್ಷಕ್ಕೊಂದು ಹಬ್ಬ. ಅವನ ಗಂಟಲು ನೆಟ್ಟಗಿದ್ರೆ ಬೆಳ್ಳಿ ಲೋಟ ನಮ್ಮೂರಿಗೆ ಬರತ್ತೆ. ಒಂದಿನಕ್ಕೆ ಏನಾಗತ್ತೆ?”

ನಾನೂ ನಕ್ಕೆ ಇಡ್ವಾಲ್. ಅದೇ ನನ್ನನ್ನು ಕೊಲ್ಲುವುದು. ಸೋಪಿನ ಕೈಯಲ್ಲೇ ನಿನ್ನ ಮನೆಗೆ ನಡೆದು ಬಂದಿದ್ದರೆ ನೂರು ಹೆಜ್ಜೆ. ಬರಲಿಲ್ಲ. ಈರುಳ್ಳಿ ಸಾರು ಕುಡಿದು, ಒಳ್ಳೆ ಬಟ್ಟೆ ಹಾಕಿಕೊಂಡು, ನಿನ್ನ ಹಾಡು ಕೇಳಲು ಬಂದೆ. ಲೋಟ ನಮ್ಮೂರಿಗೇ ಬಂತು. ಬೆಳಿಗ್ಗೆ ಗೋಮರ್ ಗೋಡೆಯ ಮೇಲೆ ಮಾರ್ಚ್ ಎರಡು ನೋಡಿಕೊಂಡು ದೀಪ ಹಚ್ಚಿಕೊಂಡು ಒಳಗೆ ಹೋದ. ಏಳೂ ಕಾಲಿಗೆ ನನ್ನ ಅಡಿಗೆಮನೆಯ ಕಿಟಕಿ ಗಾಜು ಪುಡಿಯಾಯಿತು.

ಇಷ್ಟು ದಿನ ಯಾಕೆ ಸುಮ್ಮನಿದ್ದೆ? ಅತ್ತೆಗೆ ಮಾತ್ರ ಹೇಳಿದ್ದೆ. ಆಕೆ ನನ್ನ ಕಾಲು ಹಿಡಿದುಕೊಂಡಳು. “ಉಳಿದೋನು ಒಬ್ನೇ ಕಣಮ್ಮಾ, ಅವನನ್ನೂ ನೇಣಿಗೆ ಹಾಕ್ಬೇಡ. ನಾನಿರೋ ತನಕ ಬಾಯಿ ಬಿಡ್ಬೇಡ” ಅಂತ ಬೈಬಲ್ ಮುಟ್ಟಿಸಿ ಆಣೆ ತೆಗೆದುಕೊಂಡಳು. ನಿನ್ನ ಪಾಲಿಗೆ ತಾಯಿ ಇದ್ದಳು. ನನ್ನ ಗಂಡನ ಪಾಲಿಗೆ ನಾನೊಬ್ಬಳೇ, ಅವನನ್ನು ನಾನೂ ಕೈಬಿಟ್ಟೆ. ಫೆಬ್ರವರಿಯಲ್ಲಿ ಅತ್ತೆಯನ್ನು ಮಣ್ಣು ಮಾಡಿದೆವು. ಆಣೆ ತೀರಿತು.

ನಿನ್ನ ನೋಟೀಸಿಗೆ ಎಂಟನೆಯದು ಸೇರಿಸು. ಸುಳ್ಳು ತಾರೀಖು ಬರೆದ ಬೆಂಕಿ ಮೇಸ್ತ್ರಿಗೆ ಕೊಲೆಗಾರನ ಶಿಕ್ಷೆ. ನವೆಂಬರ್ ನಾಲ್ಕಕ್ಕೆ ಆ ಕಟ್ಟೆಯ ಮೇಲೆ ನಿಂತು ಅದನ್ನು ಓದು. ಓದಿ, ಮೊದಲನೆಯವನು ಯಾರು ಅಂತಲೂ ಹೇಳು. ಗೋಮರನ ಹೆಸರು ತೊಳೆ. ನನಗೆ ಇನ್ನೇನೂ ಬೇಡ.

ನೆಸ್ಟಾ ಪ್ರಾಸರ್

*

ಬ್ಲ್ಯಾಕ್ ಫೋರ್ಕ್
ಜುಲೈ 30, 1922

ಅತ್ತಿಗೆ,

ನಾಲ್ಕು ಸಲ ಬರೆದು ಹರಿದೆ. ಐದನೆಯದು ಇದು.

ನಿಜ. ಹನ್ನೊಂದರಿಂದ ಹದಿನಾರರವರೆಗಿನ ಕೋಣೆಗಳು ಬಾವಿಯಿಂದ ಎರಡು ಮೈಲಿ. ಅಷ್ಟಕ್ಕೇ ಬರೆದಿಟ್ಟೆ, ಹತ್ತಿರದ್ದನ್ನೆಲ್ಲ ಎರಡನೇ ತಾರೀಖೂ ನೋಡಿದೆ. ಆ ಕೋಣೆಗಳಲ್ಲಿ ವರ್ಷದಿಂದ ಗ್ಯಾಸು ಕಂಡಿರಲಿಲ್ಲ. ಇದನ್ನು ಬರೆದು ನೋಡಿದರೆ ನನಗೇ ಅಸಹ್ಯವಾಗುತ್ತದೆ. ಅಂದಿನಿಂದ ನಾನು ಒಂದು ಸಾಲು ಹಾಡಿಲ್ಲ. ಬೆಳ್ಳಿ ಲೋಟವನ್ನು ಹಳ್ಳಕ್ಕೆ ಎಸೆದೆ. ಆ ಒಂಬತ್ತು ಜನರನ್ನು ಹೊತ್ತದ್ದು ಧೈರ್ಯದಿಂದ ಅಂದುಕೊಂಡಿದ್ದಾರೆ. ಅಲ್ಲೇ ಸಾಯಬೇಕು ಅಂತ ಹತ್ತು ಸಲ ಇಳಿದೆ ಅತ್ತಿಗೆ, ಸಾಯಲಿಲ್ಲ.

ಆದರೆ ಸ್ವಲ್ಪ ಲೆಕ್ಕ ಹಾಕಿ. ನಾನು ಹೇಳಿದರೆ ಸ್ಟ್ರೌಡ್ ಗೆಲ್ಲುತ್ತಾನೆ. ಅವನು ಗೆದ್ದರೆ ಎರಡನೇ ಬಾಗಿಲೂ ಇಲ್ಲ, ಸುಣ್ಣಕಲ್ಲಿನ ಪುಡಿಯೂ ಇಲ್ಲ. ಇನ್ನೆಷ್ಟು ಗೋಮರರು ಸುಟ್ಟುಹೋಗಬೇಕು? ಸತ್ತವನ ಹೆಸರು ದೊಡ್ಡದೋ, ಬದುಕಿರುವವರ ಜೀವ ದೊಡ್ಡದೋ? ನನಗೆ ಗೆಲ್ಲಲು ಬಿಡಿ. ಗೆದ್ದ ಮಾರನೆಯ ದಿನವೇ ಪತ್ರಿಕೆಯವರನ್ನು ಕರೆದು ಎಲ್ಲವನ್ನೂ ಹೇಳುತ್ತೇನೆ. ಅಮ್ಮನ ಮೇಲೆ ಆಣೆ.

ಇಡ್ವಾಲ್

*

ಮರ್ಸರ್ ಜಂಕ್ಷನ್
ಸೆಪ್ಟೆಂಬರ್ 11, 1922

ಇಡ್ವಾಲ್,

ನಿನ್ನ ರೈಲು ಟ್ಯೂಡರ್ ಇಲ್ಲಿಗೆ ಬಂದಿದ್ದ. ಈಗ ರೈಲ್ವೆ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ನೋಡಬೇಕಿದ್ದರೆ ಬಾ.

ಕುಡಿದು ಅತ್ತುಕೊಂಡು ಎಲ್ಲವನ್ನೂ ಅವನಿಗೆ ಹೇಳಿದೆಯಂತಲ್ಲ. ಅವನು ನಿನಗೆ ಉಪಕಾರ ಮಾಡಲು ಕೊಡಲಿ ಕಾವು ಹಿಡಿದು ಬಂದ. ಮಧ್ಯಾಹ್ನ, ನಾನೊಬ್ಬಳೇ ಇದ್ದೆ. ಬಾಗಿಲಿಗೆ ಚಿಲಕ ಹಾಕಿಕೊಂಡು, “ನೆಸ್ಟಾ, ನವೆಂಬರ್ ತನಕ ನಿನ್ನ ನಾಲಿಗೆ ಆಡ್ಬಾರ್ದು. ಆಡಿದ್ರೆ ದವಡೆ ಇರಲ್ಲ,” ಅಂದ. ನಾನು ಹೋಗೋ ಅಂದೆ. ಬೀಸಿದ. ಮೊಣಕೈಗೆ ಬಿತ್ತು. ಎರಡನೆಯದು ಕಿವಿಯ ಮೇಲೆ, ಕಣ್ಣು ಕತ್ತಲಾಯಿತು. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಹಂಡೆಯಿಂದ ಕುದಿಯುವ ಸೋಪಿನ ನೀರು ಒಂದು ಬೋಗುಣಿ ಮೊಗೆದು ಮುಖಕ್ಕೆ ಹಾಕಿದೆ. ಕಿರುಚಿದ ನೋಡು, ಅವನ ಎಂಜಿನ್ ಕೂಡ ಹಾಗೆ ಕಿರುಚಿಲ್ಲ. ಬಿದ್ದು ಹೊರಳಾಡುತ್ತಿದ್ದವನಿಗೆ ಅವನದೇ ಕಾವಿನಿಂದ ನಾಲ್ಕು ಬಾರಿಸಿದೆ. ಆಮೇಲೆ ಬೆಣ್ಣೆ ಹಚ್ಚಿ, ಗಾಡಿ ತರಿಸಿ, ಆಸ್ಪತ್ರೆಗೆ ನಾನೇ ಕಳಿಸಿದೆ.

ನೀನು ಕಳಿಸಲಿಲ್ಲ ಅಂತ ಅವನೇ ಹೇಳಿದ. ನಂಬಿದ್ದೇನೆ. ಆದರೆ ಒಂದು ಸುಳ್ಳು ಬರೆದರೆ ಅದನ್ನು ಕಾಯಲು ಯಾರ್ಯಾರು ಕೋಲು ಹಿಡಿಯುತ್ತಾರೆ ನೋಡಿದೆಯಾ.

ಇನ್ನೂ ಒಬ್ಬ ಬಂದಿದ್ದ, ಸ್ಟ್ರೌಡನ ಕಡೆಯವನು. ಒಳ್ಳೆ ಕೋಟು, ಕೈಯಲ್ಲಿ ಚಾಕಲೇಟು. ಇಡ್ವಾಲ್ ಬಗ್ಗೆ ಏನಾದರೂ ಹೇಳುವುದಿದ್ದರೆ ಕಂಪನಿ ನನಗೆ ಊರಲ್ಲಿ ಮನೆ ಕೊಡುತ್ತದಂತೆ. “ನನ್ ಗಂಡನ್ನ ಸುಟ್ಟಿದ್ದು ಸಾಲ್ದಾ, ಈಗ ಮಾರಕ್ಕೂ ಬಂದ್ರಾ?” ಅಂತ ಇಸ್ತ್ರಿ ಪೆಟ್ಟಿಗೆ ಎತ್ತಿದೆ. ಓಡಿದ. ಆದ್ದರಿಂದ ಹೆದರಬೇಡ, ನಾನು ಬಾಯಿ ಬಿಡುವುದಿಲ್ಲ. ಹೇಳಬೇಕಾದವನು ನೀನು.

ಗೆದ್ದ ಮಾರನೆಯ ದಿನ ಹೇಳುತ್ತೀಯಾ? ಮತ್ತೆ ನಾಳೆಯ ತಾರೀಖನ್ನೇ ಬರೆಯುತ್ತಿದ್ದೀಯಲ್ಲೋ! ನೋಡದ ಕೋಣೆಗೆ ಜನರನ್ನು ಮತ್ತೆ ಕಳಿಸುತ್ತಿದ್ದೀಯ. ನೀನು ಯಾರು ಅಂತ ತಿಳಿಯದೆ ಓಟು ಹಾಕುವವರು ಏನು ನಂಬಿಕೊಂಡು ಹಾಕುತ್ತಾರೆ?

ನಾನು ನವೆಂಬರ್ ನಾಲ್ಕಕ್ಕೆ ಬರುತ್ತೇನೆ. ನೀನು ಕರೆದೆಯಲ್ಲ, ಹನ್ನಾ ಬೆವನ್ ಪಕ್ಕದಲ್ಲೇ ಕೂರುತ್ತೇನೆ. ಒಂದು ಸೀಮೆಸುಣ್ಣ ತರುತ್ತೇನೆ, ನಿನ್ನ ಕೈಗೆ ಕೊಡುತ್ತೇನೆ. ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು.

ನೆಸ್ಟಾ

*

ಜಿಲ್ಲಾ ಆಸ್ಪತ್ರೆ
ನವೆಂಬರ್ 6, 1922

ಅತ್ತಿಗೆ,

ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡುವ ಹಾಗಿಲ್ಲ. ಬಲಗಿವಿ ಅರ್ಧ ಇಲ್ಲವಂತೆ. ಎಡ ಮೊಣಕಾಲು ಎರಡು ಕಡೆ ಮುರಿದಿದೆ. ಬಾಗಿಲಲ್ಲಿ ಪೊಲೀಸಿನವನೊಬ್ಬ ಕೂತಿದ್ದಾನೆ, ನನ್ನನ್ನು ಹಿಡಿಯಲು ಬಂದನೋ ಕಾಯಲು ಬಂದನೋ ಅವನಿಗೇ ಗೊತ್ತಿಲ್ಲ. ಈ ಕಾಗದ ಹಾಕಿಕೊಡುವುದಾಗಿ ನರ್ಸಮ್ಮ ಹೇಳಿದ್ದಾರೆ. ನೀವು ಇನ್ನೂ ಬ್ಲ್ಯಾಕ್ ಫೋರ್ಕಿನಲ್ಲೇ ಇದ್ದೀರಿ ಅಂತಲೂ ಅವರೇ ಹೇಳಿದರು.

ಏಳು ಗುರಿ ಓದಿದ್ದು ನೆನಪಿದೆ. ಚಪ್ಪಾಳೆ ನೆನಪಿದೆ. ನಿಮ್ಮ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡೆ, ಹಿಂದಿನ ಹಲಗೆಯ ಮೇಲೆ ಐ.ಪಿ., ಮಾರ್ಚ್ 2 ಅಂತ ಬರೆದೆ. “ಇದನ್ನ ನಾನು ಒಂದನೇ ತಾರೀಖು ಬರೆದೆ. ಗೋಮರ್ ಯಾವ ಹಲಗೆಯನ್ನೂ ಕೀಳಲಿಲ್ಲ,” ಅಂದೆ. ಎಂಟನೆಯದನ್ನು ಓದಲು ಕಾಗದ ಎತ್ತಿದೆ. ಆಮೇಲೆ ಏನೂ ಇಲ್ಲ.

ಓದಿದೆನೇ? ಕಾಲು ಮುರಿದವರು ಯಾರು? ಬರೆದು ತಿಳಿಸಿ. ನಾಳೆ ಮತದಾನ. ನನಗೆ ಒಂದು ಓಟೂ ಬೀಳದು, ಅದು ಗೊತ್ತು.

ಇಡ್ವಾಲ್

*

ಬ್ಲ್ಯಾಕ್ ಫೋರ್ಕ್
ನವೆಂಬರ್ 9, 1922

ಇಡ್ವಾಲ್,

ಓದಿದೆ. ನೀನು ಅರ್ಧ ಓದಿದೆ. “ಕೊಲೆಗಾರನ” ಅನ್ನುವಲ್ಲಿಗೆ ಮೊದಲ ಕಲ್ಲು ಬಂತು, ಕಿವಿಗೆ ತಾಗಿತು. ಎಸೆದವನು ನಿನ್ನ ಪ್ರಚಾರದ ಪಟ್ಟಿ ಎದೆಗೆ ಸಿಕ್ಕಿಸಿಕೊಂಡಿದ್ದವನೇ. ನೀನು ಬೀಳಲಿಲ್ಲ. ಆಗ ನಾನು ಎದ್ದು ನಿನ್ನ ಕೆನ್ನೆಗೆ ಬಿಟ್ಟೆ. ನಾಲ್ಕು ವರ್ಷದ್ದು ಸೇರಿಸಿ ಬಿಟ್ಟೆ. ಆಗ ನೀನು ಬಿದ್ದೆ.

ಬಿದ್ದ ಮೇಲೆ ಜನ ನುಗ್ಗಿದರು. ಕಟ್ಟೆಯಿಂದ ಎಳೆದು ಹಾಕಿ ತುಳಿದರು. ದವಡೆ ಯಾರ ಬೂಟಿನಿಂದ ಹೋಯಿತೋ ನೋಡಲಿಲ್ಲ. ಯಾರೋ “ಹಗ್ಗ ತಗೊಂಬನ್ರೋ” ಅಂತ ಕೂಗಿದರು, ಹೇಸರಗತ್ತೆಯ ಹಗ್ಗ ಬಂದೇ ಬಂತು, ನಿನ್ನ ಕೊರಳಿಗೂ ಬಿತ್ತು. ನಾನು ನಿನ್ನ ಮೇಲೆ ಅಡ್ಡ ಬಿದ್ದೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಬೆನ್ನ ಮೇಲೆ ಎಷ್ಟು ಒದೆ ಬಿತ್ತೋ, ಇವತ್ತಿಗೂ ಬಗ್ಗಲಾಗುವುದಿಲ್ಲ.

ಜನ ದಾರಿ ಬಿಟ್ಟರು. ನೋಡಿದರೆ ಹನ್ನಾ ಬೆವನ್. ಕೈಯಲ್ಲಿ ಅದೇ ಸಲಾಕೆ.

“ಏಳೇ ಅವನ ಮೇಲಿಂದ,” ಅಂದಳು.

“ಹನ್ನಕ್ಕ, ಮೊದಲು ನನ್ನ ಇನ್ನೊಂದು ಭುಜ ಮುರಿ,” ಅಂದೆ. “ಹಿಂದಿನ ಸಂಜೆನೇ ನಂಗೆ ಗೊತ್ತಿತ್ತು. ಗೋಮರ್ ಹೇಳಿದ್ದ. ನಾನೂ ನಕ್ಕಿದ್ದೆ.”

ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ರಕ್ತ ಇರಲಿಲ್ಲ. ನನ್ನನ್ನು ಮುಟ್ಟಲಿಲ್ಲ. ಸುತ್ತು ಹಾಕಿಕೊಂಡು ಬಂದು ನಿನ್ನ ಕಾಲಿಗೆ ಹೊಡೆದಳು. “ಇದು ನನ್ ಗಂಡಂಗೆ,” ಅಂದಳು. ಇನ್ನೊಂದು ಹೊಡೆದಳು. “ಇದು ಹುಡುಗ್ರಿಗೆ.” ಮೂರನೆಯದಕ್ಕೆ ಎತ್ತಿ, ಹಾಗೇ ಇಳಿಸಿದಳು. “ಸಾಕು. ಹಗ್ಗ ಬಿಚ್ರೋ. ಯಾರಾದ್ರೂ ಇನ್ನು ಮುಟ್ಟಿದ್ರೆ ನನ್ನ ದಾಟ್ಕೊಂಡ್ ಬರ್ಬೇಕು.” ಕಾಲು ಮುರಿದವಳು ಅವಳು. ಕೊರಳು ಉಳಿಸಿದವಳೂ ಅವಳೇ.

ಅಷ್ಟರಲ್ಲಿ ಕಂಪನಿಯ ಕಾವಲಿನವರು ಬೇಲಿಯ ಮೇಲೆ ಕೂತು ನಗುತ್ತಾ ಇದ್ದರು, ಬಯಲಾಟ ನೋಡುವವರ ಹಾಗೆ. ಒಬ್ಬ “ಪೂರ್ತಿ ಮುಗಿಸ್ರಮ್ಮಾ” ಅಂದ. ಹೆಂಗಸರು ತಿರುಗಿದರು. ಕೈಯಲ್ಲಿದ್ದ ಕಲ್ಲುಗಳೆಲ್ಲ ಆ ಕಡೆ ಹೋದವು. ಒಬ್ಬನ ಮೂಗು ಹೋಯಿತು, ಇಬ್ಬರು ಬೇಲಿಯಿಂದ ಹಿಂದಕ್ಕೆ ಬಿದ್ದು ಓಡಿದರು.

ನೀನು ಸೋತೆ. ಸ್ಟ್ರೌಡ್ ಗೆದ್ದ, ಇಡೀ ರಾಜ್ಯದಲ್ಲಿ ಎರಡು ಸಾವಿರ ಚಿಲ್ಲರೆ ಓಟಿನಿಂದ. ಆದರೆ ಬ್ಲ್ಯಾಕ್ ಫೋರ್ಕಿನ ಪೆಟ್ಟಿಗೆಯಲ್ಲಿ ನಿನಗೆ ಮುನ್ನೂರ ಹನ್ನೆರಡು ಬಿತ್ತು, ಅವನಿಗೆ ನಲವತ್ತು. ಓಟಿನ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇಲ್ಲೇ ಇತ್ತು, ಸಾಲಿನಲ್ಲಿ ನಾನು ಹನ್ನಕ್ಕನ ಹಿಂದೆ ನಿಂತಿದ್ದೆ. “ಅವನಿಗೇ ಹಾಕ್ತೀಯಾ?” ಅಂದೆ. “ಹೊಡೆದಿದ್ದು ಅವನು ಮಾಡಿದ್ದಕ್ಕೆ. ಓಟು ಅವನು ಹೇಳಿದ್ದಕ್ಕೆ,” ಅಂದಳು. ನಾನೂ ನಿನಗೇ ಹಾಕಿದೆ.

ವಿಚಾರಣೆ ಮತ್ತೆ ತೆರೆಯುತ್ತಾರಂತೆ. ಜೈಲು ಆಗಬಹುದು. ಆಗಲಿ, ಬಟ್ಟೆ ಒಗೆದು ಕಳಿಸುತ್ತೇನೆ. ನಿನ್ನ ಎಂಟನೆಯದು ಕಾನೂನಾಗಲಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಬಾವಿಯ ಬಾಯಲ್ಲಿ, ಮುಷ್ಕರ ಮುಗಿಸಿ ಕೆಲಸಕ್ಕೆ ಮರಳಿದ್ದ ಗಂಡಸರು ಇಳಿಯಲು ಒಪ್ಪಲಿಲ್ಲ. ಬೆಂಕಿ ಮೇಸ್ತ್ರಿಯ ಜೊತೆ ನಮ್ಮ ಕಡೆಯ ಒಬ್ಬ ನಡೆದು, ಸೀಮೆಸುಣ್ಣದಲ್ಲಿ ಬರೆಯುವುದನ್ನು ಕಣ್ಣಾರೆ ನೋಡಿ ಬಂದ ಮೇಲೆಯೇ ಇಳಿದದ್ದು. ಇವತ್ತೂ ಹಾಗೇ ಮಾಡಿದರು. ಕಂಪನಿಯವರು ಕೂಗಾಡಿ ಸುಮ್ಮನಾದರು.

ಮತದಾನ ಮುಗಿದ ಮೇಲೆ ಹನ್ನಕ್ಕ ನನ್ನನ್ನು ಸ್ಮಾರಕದ ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು. ಮೂವತ್ತು ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇದೆ. ಕಲ್ಲುಕುಟಿಗ ಸೋಮವಾರ ಬರುತ್ತಾನಂತೆ. “ಅಲ್ಲೀವರ್ಗೂ ಖಾಲಿ ಬಿಡ್ಬೇಡ, ಬರಿ,” ಅಂದಳು. ನೀನು ಬೀಳುವಾಗ ಕೈಯಿಂದ ಜಾರಿದ ಸೀಮೆಸುಣ್ಣ ನನ್ನ ಜೇಬಿನಲ್ಲೇ ಇತ್ತು, ಅದರ ಮೇಲೆ ನಿನ್ನ ರಕ್ತ ಒಣಗಿತ್ತು. ಗೋಮರ್ ಪ್ರಾಸರ್ ಅಂತ ದೊಡ್ಡದಾಗಿ ಬರೆದೆ. ಬರೆದು ಆದ ಮೇಲೆ ಪಕ್ಕದಲ್ಲಿ ನನ್ನ ಮೊದಲಕ್ಷರ ಹಾಕಿದೆ, ತಾರೀಖೂ ಹಾಕಿದೆ: ನವೆಂಬರ್ 7. ಅವತ್ತು ಏಳನೇ ತಾರೀಖೇ ಆಗಿತ್ತು.

ನಿನ್ನ ಅತ್ತಿಗೆ,
ನೆಸ್ಟಾ